ಬಲಗೆನ್ನೆಯ ನಾಣ್ಯ

ಚೌಕದಲ್ಲಿ ಬೆಳಗಿನಿಂದ ಉಳಿಯ ಸದ್ದು ನಿಂತಿರಲಿಲ್ಲ. ಚಕ್ರವರ್ತಿಯ ಗುಡಿಯ ಮೆಟ್ಟಿಲ ಬುಡದಲ್ಲಿ ಕಮ್ಮಾರ ಅಡಿಗಲ್ಲು ಹಾಕಿಕೊಂಡು ಕೂತಿದ್ದ. ಜನ ಸಾಲಾಗಿ ಬಂದು ಕೊಡುವ ಕಂಚಿನ ನಾಣ್ಯವನ್ನು ಅದರ ಮೇಲಿಟ್ಟು, ಎದುರುಬದುರಾಗಿ ನೋಡುವ ಎರಡು ಮುಖಗಳಲ್ಲಿ ದೊಡ್ಡವನದನ್ನು ಮುಟ್ಟದೆ, ಚಿಕ್ಕವನ ಮೂಗು, ಗಲ್ಲ, ಕುತ್ತಿಗೆ ಎಲ್ಲವನ್ನೂ ಹೆರೆದು ಬೋಳು ಮಾಡಿ, ಪಕ್ಕದಲ್ಲೊಂದು ಊರ ಮುದ್ರೆ ಬಡಿದು ವಾಪಸ್ಸು ಕೊಡುತ್ತಿದ್ದ. ಕೊಡುವಾಗ ನಾಣ್ಯದಲ್ಲಿ ಅಣ್ಣತಮ್ಮಂದಿರಿಬ್ಬರು ಇರುತ್ತಿದ್ದರು. ಈಸಿಕೊಳ್ಳುವಾಗ ಅಣ್ಣನೊಬ್ಬನೇ.

"ನಮ್ಮೂರ ಕ್ಷೌರಿಕನೂ ಇಷ್ಟು ನುಣ್ಣಗೆ ಹೆರೆಯಲ್ಲ ಕಣ್ರಪ್ಪಾ," ಅಂದ ಸಾಲಿನಲ್ಲಿದ್ದ ಎಣ್ಣೆ ಮಾರುವವ.

ಬೇರೆ ದಿನವಾಗಿದ್ದರೆ ತಾರ್ಮೆಯ ಜನ ಈ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಮೆಟ್ಟಿಲ ಮೇಲೆ ರೋಮಿನ ಸಿಪಾಯಿಗಳು ನಿಂತಿದ್ದರು. ಒಬ್ಬರೂ ಹಲ್ಲು ಬಿಡಲಿಲ್ಲ. ಎಣ್ಣೆಯವನೂ ಆಡಿದ್ದು ತಾನಲ್ಲವೇನೋ ಅನ್ನುವ ಹಾಗೆ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ನಿಂತಿದ್ದವಳು ಅಮ್ಮಿಯಾ. ಅವಳು ತನ್ನ ಮೇಲುಹೊದಿಕೆಯ ತುದಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಕಮ್ಮಾರನ ಕೈಯನ್ನೇ ನೋಡುತ್ತಿದ್ದಳು. ಅವನ ಉಳಿಯ ಒಂದೊಂದು ಏಟೂ ಅವಳ ಎದೆಗೆ ಬೀಳುತ್ತಿತ್ತು. ಯಾಕೆಂದರೆ ಆ ಮುಖಗಳನ್ನು ಕೆತ್ತಿದವನು ಅವಳ ಗಂಡ ಹೆರ್ಮಿಯಾಸ್.

ರೋಮಿನ ಅರಮನೆಯ ಜಗಳ ಕಾರಿಯಾ ಸೀಮೆಯ ಮೂಲೆಯಲ್ಲಿರುವ ತಾರ್ಮೆಯ ಸಂತೆಗೆ ಬಂದು ಬಿದ್ದದ್ದು ಹೀಗೆ. ಮುದಿ ಚಕ್ರವರ್ತಿ ಸತ್ತ. ಮಕ್ಕಳಿಬ್ಬರೂ ಕೂಡಿ ಆಳುತ್ತಾರೆ ಅಂತ ಡಂಗುರ ಹೊಡೆಸಿದರು, ಹೋರಿ ಬಲಿ ಕೊಟ್ಟರು, ಇಬ್ಬರ ಮುಖವೂ ಇರುವ ದೊಡ್ಡ ಕಂಚಿನ ನಾಣ್ಯ ಹೊಡೆಯಿರಿ ಅಂತ ಊರೂರಿಗೆ ಹೇಳಿ ಕಳಿಸಿದರು. ಅದಾಗಿ ವರ್ಷ ತುಂಬಿರಲಿಲ್ಲ, ದೊಡ್ಡವನು ಚಿಕ್ಕವನನ್ನು ಹೆತ್ತ ತಾಯಿಯ ಮಡಿಲಲ್ಲೇ ಇರಿದು ಕೊಲ್ಲಿಸಿದನಂತೆ. ಕೊಂದದ್ದು ಸಾಲದು ಅಂತ ಈಗ ಅವನ ಹೆಸರು ಕಲ್ಲಿನ ಮೇಲೆ ಇರಕೂಡದು, ಮುಖ ಕಾಸಿನ ಮೇಲೆ ಇರಕೂಡದು. ಯಾರ ಮನೆಯಲ್ಲಿ ಅದು ಮುಕ್ಕಾಗದೆ ಸಿಕ್ಕಿತೋ ಅವರು ರಾಜದ್ರೋಹಿಗಳು. ದೊಡ್ಡವರ ಮನೆಯ ಕೆಸರು, ತೊಳೆಯುವ ಕೆಲಸ ಮಾತ್ರ ನಮ್ಮದು.

ಅಮ್ಮಿಯಾಳ ಸರದಿ ಬಂತು. ಗಂಟು ಬಿಚ್ಚಿ ನಾಣ್ಯಗಳನ್ನು ಮೇಜಿನ ಮೇಲಿಟ್ಟಳು. ಮೇಜಿನ ಹಿಂದೆ ಪೇಟೆ ಅಧಿಕಾರಿ ಕೂತಿದ್ದ. ಅವನ ಬಲಕ್ಕೆ ನಿಂತಿದ್ದವನು ಅಮ್ಮಿಯಾಳ ತಮ್ಮ ಅಟ್ಟಾಲೋಸ್, ಪೇಟೆಯ ತೂಕ ಅಳತೆ ನೋಡಿಕೊಳ್ಳುವ ಸಹಾಯಕ. ಎಡಕ್ಕಿದ್ದವನು ತ್ರೋಫಿಮೋಸ್. ಅವನದೂ ಅದೇ ಕೆಲಸ. ಚಕ್ರವರ್ತಿಯ ಗುಡಿಗೆ ಹೊಸ ಪಾರುಪತ್ಯಗಾರನನ್ನು ನೇಮಿಸುತ್ತಾರೆ ಅಂತ ಸುದ್ದಿಯಾದಾಗಿನಿಂದ ಇಬ್ಬರೂ ಒಬ್ಬರ ನೆರಳನ್ನು ಒಬ್ಬರು ತುಳಿದುಕೊಂಡು ಓಡಾಡುತ್ತಿದ್ದರು.

ಮನೆಯ ಗಂಡಸು ಬಲಿಪೀಠದ ಮೇಲೆ ಕೈಯಿಟ್ಟು ಆಣೆ ಮಾಡಬೇಕಿತ್ತು. ಹೆರ್ಮಿಯಾಸ್ ಇಲ್ಲವಾದ ಮೇಲೆ ಆ ಮನೆಯ ಗಂಡಸು ಅಟ್ಟಾಲೋಸನೇ. ಅವನು ಕೈಯಿಟ್ಟು, ಊರಿಗೆಲ್ಲ ಕೇಳುವಂತೆ, "ಚಕ್ರವರ್ತಿಯ ಭಾಗ್ಯದ ಆಣೆ, ನಮ್ಮ ಮನೇಲಿ ಇಂಥದ್ದು ಇನ್ನೊಂದಿಲ್ಲ," ಅಂದ. ಅಮ್ಮಿಯಾ ಬಲಿಪೀಠದಿಂದ ಕಣ್ಣು ತೆಗೆದಳು.

"ಅಲ್ಲಪ್ಪಾ," ತ್ರೋಫಿಮೋಸ್ ಮೆಲ್ಲಗೆ ರಾಗ ತೆಗೆದ. "ಅಚ್ಚು ಕೆತ್ತಿದವರ ಮನೇಲೇ ಇಷ್ಟೇ ಇಷ್ಟಾ? ಅದೂ ಚಿಕ್ಕ ದೊರೆಗಳ ಮನೇಲಿ?"

ಅಧಿಕಾರಿ ತಲೆ ಎತ್ತಿದ. ಇನ್ನೂ ಹೆರೆಯದ ನಾಣ್ಯವೊಂದನ್ನು ಕೈಗೆತ್ತಿಕೊಂಡು ನೋಡಿದ, ಅಟ್ಟಾಲೋಸನನ್ನು ನೋಡಿದ, ತಿರುಗಿ ನಾಣ್ಯ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅಟ್ಟಾಲೋಸ್ ತನ್ನ ಮೂಗು ಮುಟ್ಟಿ ನೋಡಿಕೊಂಡ. ಅಧಿಕಾರಿ ನಾಣ್ಯವನ್ನು ಕಮ್ಮಾರನ ಕಡೆ ತಳ್ಳಿ, "ಮುಂದಿನವರು," ಅಂದ.

ಆ ಮೂಗಿನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಅಚ್ಚು ಕೆತ್ತಲು ರೋಮಿನಿಂದ ಹಲಗೆಯ ಮೇಲೆ ಬರೆದ ಚಿತ್ರ ಬಂದಿತ್ತು. ಗಾಡಿ ದಾರಿಯಲ್ಲಿ ಮಳೆಗೆ ಸಿಕ್ಕಿತ್ತು. ದೊಡ್ಡವನ ಗಡ್ಡ, ಗುಂಗುರು ಕೂದಲು, ಗಂಟಿಕ್ಕಿದ ಹುಬ್ಬು ಎಲ್ಲ ನೆಟ್ಟಗಿದ್ದವು. ಚಿಕ್ಕವನ ಮುಖದ ಬಣ್ಣ ಮಾತ್ರ ಕರಗಿ ಸೋರಿಹೋಗಿತ್ತು. ಹೆರ್ಮಿಯಾಸ್ ತಲೆ ಮೇಲೆ ಕೈ ಹೊತ್ತು ಕೂತ.

"ಮೂಗಿಲ್ಲದ ದೊರೇನ ಹೆಂಗೆ ಕೆತ್ಲೇ?"

"ಅದಕ್ಯಾಕೆ ಅಷ್ಟು ಯೋಚ್ನೆ?" ಅಂದಿದ್ದಳು ಅಮ್ಮಿಯಾ, ರೊಟ್ಟಿ ತಟ್ಟುತ್ತಾ. "ಇವನೂ ಅದೇ ವಯಸ್ಸಿನೋನಲ್ವಾ? ಬೆಳಕಿಗೆ ಕೂರಿಸ್ಕೊಳ್ಳಿ. ಇಷ್ಟು ದೂರ ಬಂದು ಮೂಗು ಅಳೆದು ನೋಡೋರ್ಯಾರು?"

ಅಟ್ಟಾಲೋಸ್ ಕಿಟಕಿಯ ಪಕ್ಕ ಕತ್ತು ಸೆಟೆದು ಕೂತ. ನಾಣ್ಯ ಸಂತೆಗೆ ಬಂದ ದಿನವೇ ಜನ ಗುರುತು ಹಿಡಿದರು. ಅವತ್ತಿನಿಂದ ಅವನು "ಚಿಕ್ಕ ದೊರೆ." ತರಕಾರಿಯವಳು ಕೂಡ "ದೊರೆಗಳೇ, ಈರುಳ್ಳಿ ಬೇಕಾ?" ಅಂತ ಕೂಗುವಳು. ಅವನಿಗೂ ಅದು ಹಿತವಾಗಿಯೇ ಇತ್ತು. ಕೂದಲನ್ನು ನಾಣ್ಯದಲ್ಲಿದ್ದ ಹಾಗೆಯೇ ಕತ್ತರಿಸಿಕೊಳ್ಳಲು ಶುರುಮಾಡಿದ. ಕಲಿಸಿದವರು ಯಾರು ಅಂತೀರಿ? ಅಕ್ಕನೇ. ತಮ್ಮ ಬೀದಿಯಲ್ಲಿ ನಡೆದರೆ ಬಾಗಿಲಲ್ಲಿ ನಿಂತು ದೃಷ್ಟಿ ತೆಗೆಯುವಷ್ಟು ಹೆಮ್ಮೆ ಅವಳಿಗೆ.

ಹೆಮ್ಮೆ ಪಡದೆ ಏನು ಮಾಡಿಯಾಳು? ಜ್ವರದ ವರ್ಷ ಅಪ್ಪ ಅಮ್ಮ ಒಂದೇ ವಾರದಲ್ಲಿ ಹೋದಾಗ ಅವನು ಇನ್ನೂ ಹಲ್ಲು ಬರದ ಕೂಸು. ಜವೆಯ ರೊಟ್ಟಿಯನ್ನು ತಾನು ಅಗಿದು ಮೆತ್ತಗೆ ಮಾಡಿ, "ಬಾಯಿ ತೆರಿ, ಆ ಅನ್ನು," ಅಂತ ತಿನ್ನಿಸಿ ಸಾಕಿದವಳು ಅವಳು. ಮದುವೆ ಮಾತು ಬಂದಾಗ, "ನಾನು ಬಂದ್ರೆ ನನ್ನ ಸೊಂಟದ ಮೇಲೆ ಇವನೂ ಬರ್ತಾನೆ," ಅಂತ ಮೊದಲೇ ಹೇಳಿದ್ದಳು. ಹೆರ್ಮಿಯಾಸ್, "ಬರ್ಲಿ ಬಿಡು, ಗಂಡು ದಿಕ್ಕಾಗತ್ತೆ," ಅಂದಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಹೆರ್ಮಿಯಾಸ್ ಊರಾಚೆಯ ಗುಡ್ಡದಲ್ಲಿ ಮನೆತನಕ್ಕೊಂದು ಗೋರಿಯ ಗವಿ ಕೊರೆಸಿದಾಗ ಒಳಗೆ ಮೂರು ಕಲ್ಲಿನ ಹಾಸು ಮಾಡಿಸಿದ: ತನಗೊಂದು, ಹೆಂಡತಿಗೊಂದು, ಅವಳ ತಮ್ಮನಿಗೊಂದು. ಬಾಗಿಲ ಕಲ್ಲಿನ ಮೇಲೆ ತಾನೇ ಅಕ್ಷರ ಕೆತ್ತಿದ: "ಈ ಮೂವರಲ್ಲದೆ ಬೇರೆ ಯಾರಾದರೂ ಈ ಕಲ್ಲು ಸರಿಸಿದರೆ ಚಕ್ರವರ್ತಿಯ ಬೊಕ್ಕಸಕ್ಕೆ ದಂಡ ತೆರಲಿ, ಹೆಕಾಟೆ ದೇವಿಯ ಕೋಪಕ್ಕೆ ಗುರಿಯಾಗಲಿ."

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಅವನೇ ಮೊದಲು ಹೋದ. ಎದೆಯಲ್ಲಿ ಕಫ ಕಟ್ಟಿ, ಮಾತು ನಿಂತು, ಹಾಗೇ. ಸತ್ತವನ ಬಾಯಿಗೆ, ಆಚೆ ಲೋಕದ ಹೊಳೆ ದಾಟಿಸುವ ಅಂಬಿಗನ ಕೂಲಿಗೆ ಅಂತ ಒಂದು ಕಾಸು ಇಡಬೇಕಲ್ಲ, ಅಮ್ಮಿಯಾ ಪೆಟ್ಟಿಗೆಯಿಂದ ಹೊಳೆಯುವ ದೊಡ್ಡ ನಾಣ್ಯ ತೆಗೆಯುವುದನ್ನು ಕಂಡು ಪಕ್ಕದ ಮನೆಯ ಮುದುಕಿ ಅಫ್ಫಿಯಾ ಗದರಿಸಿದಳು: "ಅಂಬಿಗಂಗೆ ಸವೆದ ಕಾಸು ಸಾಕು ಕಣೇ. ಅವನೇನು ಮುಖ ನೋಡಿ ದೋಣಿ ಹತ್ತಿಸ್ಕೊಳ್ತಾನಾ?" ಅಷ್ಟು ಹೇಳಿ ಅವಳು ಗಡಿಗೆ ಹಿಡಿದು ತನ್ನ ಮನೆಗೆ ಹೋದಳು. ಸಾವಿನ ಮನೆಯ ನೀರು ಮೈಲಿಗೆ. ಪಕ್ಕದ ಮನೆಯಿಂದ ತಂದ ನೀರನ್ನು ಬಾಗಿಲಲ್ಲಿಡಬೇಕು, ಹೊರಗೆ ಹೋಗುವವರು ಅದರಲ್ಲಿ ಬೆರಳದ್ದಿ ತಲೆಗೆ ಚಿಮುಕಿಸಿಕೊಂಡು ಹೋಗಬೇಕು.

ಅಫ್ಫಿಯಾ ಅತ್ತ ಹೋದದ್ದೇ ಅಮ್ಮಿಯಾ ಆ ನಾಣ್ಯವನ್ನೇ ತಮ್ಮನ ಕೈಗೆ ಕೊಟ್ಟಳು. ಅದು ಅಚ್ಚಿನಿಂದ ಬಿದ್ದ ಮೊದಲನೆಯ ನಾಣ್ಯ. "ಇದು ಅವರ ಕೈಕೆಲಸ. ಅಂಬಿಗನೂ ನೋಡ್ಲಿ," ಅಂದಳು. ದವಡೆ ಬಿಗಿದುಕೊಂಡಿತ್ತು. ಅಟ್ಟಾಲೋಸ್ ಎಷ್ಟು ಮಾಡಿದರೂ ನಾಲಿಗೆಯ ಕೆಳಗೆ ಹೋಗಲೊಲ್ಲದು. ಕೊನೆಗೆ ಬಲಗೆನ್ನೆಯೊಳಗೆ ಒತ್ತಿದ. ಕೆನ್ನೆ ಉಬ್ಬಿಕೊಂಡಿತು. ಅದನ್ನು ನೋಡಿ ಅಮ್ಮಿಯಾ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಹೆರ್ಮಿಯಾಸ್ ಕೆತ್ತುವಾಗ ಒಣ ಅಂಜೂರವನ್ನು ಹೀಗೇ ಬಲಗೆನ್ನೆಯಲ್ಲಿಟ್ಟುಕೊಂಡು ಚೀಪುತ್ತಿದ್ದ. ಆ ಕೆನ್ನೆ ಸವರಿ, ಬಟ್ಟೆಯ ಪಟ್ಟಿಯಿಂದ ಗಲ್ಲ ಎತ್ತಿ ಕಟ್ಟಿ, "ಸುಖವಾಗಿ ಹೋಗಿ," ಅಂದಳು.

ಇದು ಅಕ್ಕನಿಗೆ ಗೊತ್ತು, ತಮ್ಮನಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ಚೌಕದಿಂದ ಮನೆಗೆ ಬಂದ ಅಟ್ಟಾಲೋಸ್ ಊಟಕ್ಕೆ ಕೂರಲಿಲ್ಲ. ಅಡುಗೆ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದ.

"ಅಕ್ಕಾ, ಆ ಮನುಷ್ಯ ನನ್ನ ನೋಡಿದ್ದು ನೋಡಿದ್ಯಾ?"

"ನೋಡಿದ್ರೇನಂತೆ? ಮೂಗಿರೋರೆಲ್ಲ ದೊರೆಗಳೇನೋ?"

"ನಗೋ ಮಾತಲ್ಲ ಕಣೇ. ಕೆಳಗಿನೂರಲ್ಲಿ ಯಾವನೋ ಕುಡಿದು, 'ಪಾಪ, ಚಿಕ್ಕೋನು,' ಅಂದ್ನಂತೆ. ಅಷ್ಟೇ ಅಂದಿದ್ದು. ಅವನ ಹೆಂಡ್ತಿ ಮಕ್ಳು ಈಗ ಬೀದೀಲಿದಾರೆ." ಅವನು ದನಿ ತಗ್ಗಿಸಿದ. "ಭಾವನ ಬಾಯಲ್ಲಿರೋದು..."

ಅಮ್ಮಿಯಾ ಹಿಟ್ಟಿನ ಕೈಯಲ್ಲೇ ಅವನ ಬಾಯಿ ಮುಚ್ಚಿದಳು. "ಅದರ ಮಾತೆತ್ತಬೇಡ. ನಿಂಗೆ ಗೊತ್ತು, ನಂಗೆ ಗೊತ್ತು, ಅವರಿಗೆ ಗೊತ್ತು. ಅವರಂತೂ ಬಾಯಿ ಬಿಡಲ್ಲ."

"ದೇವರ ಮುಂದೆ ಸುಳ್ಳಾಣೆ ಮಾಡಿದ್ನಲ್ಲೇ."

"ಯಾಕೆ ಸುಳ್ಳು? ಮನೇಲಿ ಇಲ್ಲ ಅಂದೆ. ಮನೇಲಿ ಇದ್ಯಾ? ಸತ್ತೋರ ಮನೆ ಬೇರೆ, ಅದು ರೋಮಿನೋರ ಲೆಕ್ಕಕ್ಕೆ ಬರಲ್ಲ."

"ಯಾರಾದ್ರೂ ತೆಗೆಸಿ ನೋಡಿದ್ರೆ?"

"ಹಂಗನ್ನಬೇಡ ಕಣೋ!" ಅವಳ ಕಣ್ಣು ತುಂಬಿತು. "ಕೊಟ್ಟ ಕೂಲಿ ಕಿತ್ಕೊಂಡ್ರೆ ಅಂಬಿಗ ಸುಮ್ನಿರ್ತಾನಾ? ತಂದು ವಾಪಸ್ಸು ಈ ದಡಕ್ಕೇ ಎಸೀತಾನೆ. ಅವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಬದುಕಿದ್ದಾಗ ಒಂದು ಇರುವೆಗೂ ನೋವು ಮಾಡದ ಮನುಷ್ಯ, ಈ ದಡದಲ್ಲಿ ನಿಂತು ಒಬ್ಬರೇ ಕೂಗ್ತಿರಬೇಕಾ? ನನಗೆ ಏನಾದ್ರೂ ಆಗ್ಲಿ, ಅವರಿಗೆ ಮಾತ್ರ ಹಂಗಾಗಬಾರದು."

ತಮ್ಮ ನೆಲ ನೋಡಿದ. ಅಮ್ಮಿಯಾ ರೊಟ್ಟಿ ಮುರಿದು, ಮೇಕೆ ಹಾಲಿನ ಗಿಣ್ಣು ಸವರಿ, ಅವನ ಮುಂದೆ ಹಿಡಿದಳು. "ಬಾಯಿ ತೆರಿ."

"ನಾನೇನು ಕೂಸಾ?"

"ತೆರಿ ಅಂದೆ. ಈ ತುತ್ತು ಬಾಯಲ್ಲಿಟ್ಕೊಂಡು ಹೇಳು, ಯಾರಿಗೂ ಹೇಳಲ್ಲ ಅಂತ."

ಅವನು ತುತ್ತು ತುಂಬಿದ ಬಾಯಲ್ಲೇ, "ಹೂಂ," ಅಂದ. ಅಮ್ಮಿಯಾಳಿಗೆ ಅಷ್ಟು ಸಾಕಾಯಿತು. ಚೌಕದ ಬಲಿಪೀಠದ ಆಣೆಗಿಂತ ಈ ಅಡುಗೆ ಮನೆಯ 'ಹೂಂ' ಗಟ್ಟಿ ಅಂತ ಅವಳ ನಂಬಿಕೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಆಮೇಲಿನ ದಿನಗಳಲ್ಲಿ ಅಟ್ಟಾಲೋಸ್ ಗಡ್ಡ ಬೋಳಿಸುವುದನ್ನು ಬಿಟ್ಟ. ಕೂದಲನ್ನು ಸಿಪಾಯಿಗಳ ಹಾಗೆ ಮೋಟು ಮಾಡಿಸಿಕೊಂಡ. ಹುಬ್ಬು ಗಂಟಿಕ್ಕಿಕೊಂಡೇ ತಿರುಗಾಡತೊಡಗಿದ. "ಏನೋ ಇದು ಅವತಾರ?" ಅಂದರೆ, "ಈಗೆಲ್ಲ ಹೀಗೇ," ಅಂದ. ತರಕಾರಿಯವಳು ಈಗ ಅವನನ್ನು ಕಂಡರೆ ಬುಟ್ಟಿಯ ಕಡೆ ಬಗ್ಗುತ್ತಿದ್ದಳು. ತ್ರೋಫಿಮೋಸ್ ಒಬ್ಬ ಮಾತ್ರ ಅಧಿಕಾರಿಗೆ ಕೇಳುವಷ್ಟು ದೂರದಲ್ಲಿ ನಿಂತು, "ಚಿಕ್ಕ ದೊರೆಗಳು ಸೌಖ್ಯವಾ?" ಅಂತ ವಿಚಾರಿಸುವುದನ್ನು ಬಿಡಲಿಲ್ಲ. ತಮ್ಮ ಸೊರಗುತ್ತಿದ್ದಾನೆ ಅಂತ ಅಮ್ಮಿಯಾ ಬೇಳೆಗೆ ಎಣ್ಣೆ ಜಾಸ್ತಿ ಹಾಕಿದಳು. ಅವಳಿಗೆ ತಿಳಿದ ಔಷಧಿ ಅದೊಂದೇ.

ಒಂದು ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ ಅಫ್ಫಿಯಾ ಏದುಸಿರು ಬಿಡುತ್ತಾ ಬಂದಳು. ಆ ಮುದುಕಿ ಓಡಿದ್ದನ್ನು ಯಾರೂ ಕಂಡವರಿಲ್ಲ.

"ಅಮ್ಮಿಯಾ! ಎದ್ದು ಬಾರೇ! ನಿನ್ನ ಗಂಡನ ಗವಿ ಕಲ್ಲು ಸರಿಸ್ತಾ ಇದಾರೆ ಕಣೇ!"

ಅಮ್ಮಿಯಾ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದಳು. ಆಲಿವ್ ತೋಪಿನ ಏರು ಹತ್ತುವಾಗ ಒಂದು ಚಪ್ಪಲಿ ಕಿತ್ತು ಹೋಯಿತು, ತಿರುಗಿ ನೋಡಲಿಲ್ಲ. ಗವಿಯ ಮುಂದೆ ಪೇಟೆ ಅಧಿಕಾರಿ, ಸಿಪಾಯಿಗಳು, ಹಾರೆ ಹಿಡಿದ ಇಬ್ಬರು ಆಳುಗಳು. ಕಲ್ಲು ಆಗಲೇ ಪಕ್ಕಕ್ಕೆ ಒರಗಿತ್ತು. ಒಳಗಿನಿಂದ ತಣ್ಣನೆಯ ಕೆಟ್ಟ ಗಾಳಿ ಬರುತ್ತಿತ್ತು.

"ಸ್ವಾಮೀ, ಏನಿದು ಅನ್ಯಾಯ? ಓದಿ, ಕಲ್ಲಿನ ಮೇಲೆ ಬರೆದಿರೋದು ಓದಿ! ಗೋರಿ ತೆರೆದೋರು ಚಕ್ರವರ್ತಿಗೆ ದಂಡ ಕಟ್ಟಬೇಕು ಅಂತ ನಿಮ್ಮ ಕಾನೂನೇ ಹೇಳತ್ತಲ್ಲಾ!"

"ಹೇಳತ್ತೆ ತಾಯಿ," ಅಂದ ಅಧಿಕಾರಿ. ಅವನದು ಒರಟು ದನಿಯಲ್ಲ. "ಆದ್ರೆ ತೆರೆಸ್ತಾ ಇರೋನು ಚಕ್ರವರ್ತಿನೇ. ತನಗೆ ತಾನೇ ದಂಡ ಕಟ್ಕೊಳ್ಳೋದಾ? ಪಕ್ಕಕ್ಕೆ ನಿಂತ್ಕೋ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಇಕ್ಕಳ ಹಿಡಿದ ಆಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಬಗ್ಗಿದ. ಅಮ್ಮಿಯಾಳ ಮನಸ್ಸು ಅವಸರ ಅವಸರವಾಗಿ ಒಂದು ಆಸೆ ಕಟ್ಟಿಕೊಂಡಿತು. ಇವರು ಎಲ್ಲ ಗೋರಿಗಳನ್ನೂ ತೆಗೆಸುತ್ತಿರಬೇಕು, ಸುಮ್ಮನೆ ಅನುಮಾನಕ್ಕೆ. ನಾಲಿಗೆಯ ಕೆಳಗೆ ಹುಡುಕುತ್ತಾರೆ, ಎಲ್ಲರೂ ಇಡುವುದು ಅಲ್ಲೇ ತಾನೆ. ಏನೂ ಸಿಗುವುದಿಲ್ಲ. ಹೋಗುತ್ತಾರೆ. ದೇವೀ, ಇವರನ್ನು ಬರಿಗೈಯಲ್ಲಿ ಕಳಿಸು.

ಆಗ ಅಧಿಕಾರಿ ಗವಿಯ ಬಾಯಿಗೆ ಬಗ್ಗಿ ಕೂಗಿ ಹೇಳಿದ: "ನಾಲಿಗೆ ಕೆಳಗೆ ಹುಡುಕಬೇಡ್ವೋ! ಬಲಗೆನ್ನೆ ನೋಡು, ಬಲಗೆನ್ನೆ!"

ಅಮ್ಮಿಯಾ ಇದ್ದಲ್ಲೇ ಕೂತುಬಿಟ್ಟಳು. ಗಂಡ ಸತ್ತ ದಿನವೂ ಅವಳಿಗೆ ಹೀಗಾಗಿರಲಿಲ್ಲ. ಆ ಸಾವು ರೋಗ ಕೊಟ್ಟದ್ದು, ದೇವರು ಕೊಟ್ಟದ್ದು. ಇದನ್ನು ಕೊಟ್ಟದ್ದು ಅವಳು ಅಗಿದು ತಿನ್ನಿಸಿದ ಬಾಯಿ.

"ಬಲಗೆನ್ನೆ ಅಂತ ಯಾರು ಹೇಳಿದ್ರು ಸ್ವಾಮಿ?" ಗೊತ್ತಿದ್ದೂ ಕೇಳಿದಳು. ಬೇರೆ ಯಾವುದಾದರೂ ಹೆಸರು ಬರಲಿ ಅಂತ ಕೇಳಿದಳು.

"ನಿನ್ನ ಪುಣ್ಯ, ನಿನ್ನ ತಮ್ಮನೇ ಬಂದು ಹೇಳಿದ," ಅಂದ ಅಧಿಕಾರಿ. "ಹೆಂಗಸು, ತಿಳೀದೆ ಮಾಡಿದಾಳೆ ಅಂತ ಕಾಲು ಹಿಡ್ಕೊಂಡ. ಬೇರೆಯವರ ಬಾಯಿಂದ ಬಂದಿದ್ರೆ ಇವತ್ತು ಈ ಕಲ್ಲಲ್ಲ, ನಿನ್ನ ಮನೆ ಬಾಗಿಲು ಒಡೆಸ್ತಿದ್ದೆ. ಅಂಥ ತಮ್ಮನ್ನ ಪಡೆಯೋಕೆ ಪುಣ್ಯ ಮಾಡಿರಬೇಕು."

ಆಳು ಹೊರಗೆ ಬಂದ. ಇಕ್ಕಳದ ತುದಿಯಲ್ಲಿ ನಾಣ್ಯವಿತ್ತು. ಹಸಿರು ಹಿಡಿದಿತ್ತು, ಆದರೂ ಎರಡು ಮುಖಗಳೂ ಸ್ಪಷ್ಟವಾಗಿದ್ದವು. ಅಧಿಕಾರಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಕಲ್ಲು ಮುಚ್ಚಿ," ಅಂದ.

"ತಡೀರಪ್ಪಾ, ತಡೀರಿ!" ಅಂತ ಕೂಗಿದವಳು ಅಫ್ಫಿಯಾ. ಆಗಷ್ಟೇ ಏರು ಹತ್ತಿ ಬಂದಿದ್ದಳು. ಸೊಂಟದ ಗಂಟು ಬಿಚ್ಚಿ ಒಂದು ಸಣ್ಣ ಕಾಸು ತೆಗೆದಳು. "ಹೆಣಾನ ಬರಿಬಾಯಲ್ಲಿ ಬಿಡ್ತೀರಾ? ನಿಮಗೂ ಒಂದಿನ ಆ ಹೊಳೆ ದಾಟೋದಿದೆ, ನೆನಪಿರ್ಲಿ!"

ಅಧಿಕಾರಿ ಕಾಸು ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. ಯಾರೋ ಮುತ್ತಜ್ಜನ ಕಾಲದ ಕಾಸು, ಕೈಯಿಂದ ಕೈಗೆ ಸವೆದು ಸವೆದು ಎರಡು ಬದಿಯೂ ಬಟ್ಟ ಬಯಲಾಗಿತ್ತು.

"ಇದು ಯಾರ ಮುಖ?"

"ಯಾರಿಗ್ಗೊತ್ತು ಸ್ವಾಮಿ. ಮೂಗೂ ಇಲ್ಲ, ಕಣ್ಣೂ ಇಲ್ಲ. ಎಂಥೆಂಥ ದೊರೆಗಳು ಬಂದು ಹೋದ್ರೋ."

ಅಧಿಕಾರಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಕಾಸನ್ನು ವಾಪಸ್ಸು ಕೊಟ್ಟ. ಅಮ್ಮಿಯಾ ಅದನ್ನು ಆಳಿನ ಕೈಗೆ ಕೊಡಲಿಲ್ಲ. ತಾನೇ ಒಳಗೆ ಹೋದಳು. ಕತ್ತಲಲ್ಲಿ ಕೈಯಾಡಿಸಿ ಕಾಸು ಇಟ್ಟಳು, ಮೇಲುಹೊದಿಕೆಯ ಅಂಚು ಹರಿದು ಗಲ್ಲವನ್ನು ಮತ್ತೆ ಎತ್ತಿ ಕಟ್ಟಿದಳು. ಪಕ್ಕದ ಎರಡು ಕಲ್ಲಿನ ಹಾಸುಗಳು ಖಾಲಿ ಬಿದ್ದಿದ್ದವು. "ತಪ್ಪಾಯ್ತು ಕಣ್ರೀ," ಅಂದಳು. "ನಾನೇ ಕೊಟ್ಟೆ ಅವನ ಕೈಗೆ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಟ್ಟಾಲೋಸ್ ಮನೆಗೆ ಬಂದ. ಮೈಮೇಲೆ ಕೆಂಪಂಚಿನ ಹೊಸ ಮೇಲಂಗಿ, ಉದ್ದ ತೋಳಿನದು. ಕೈಯಲ್ಲಿ ಜೇನು ರೊಟ್ಟಿಯ ಪೊಟ್ಟಣ. ಬಾಗಿಲಲ್ಲಿ ನಿಂತು ಅಕ್ಕನ ಮುಖ ನೋಡಿದ. ಅವಳು ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಅಕ್ಕಾ, ನನ್ನ ಪಾರುಪತ್ಯಗಾರ ಮಾಡಿದ್ರು."

ಅವಳು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು.

"ಕೋಪ ಮಾಡ್ಕೊಂಡಿದೀಯ, ಗೊತ್ತು. ಆದ್ರೆ ನಿನ್ನ ಉಳಿಸಿದ್ದು ನಾನು ಕಣೇ. ಈ ಮನೆ ಉಳಿಸಿದ್ದು ನಾನು. ತ್ರೋಫಿಮೋಸ್ ಹೋಗಿ ಹೇಳಿದ್ದಿದ್ರೆ ಏನಾಗ್ತಿತ್ತು, ಯೋಚ್ನೆ ಮಾಡು."

"ತ್ರೋಫಿಮೋಸಂಗೆ ಗೊತ್ತಿತ್ತಾ?"

ಅಟ್ಟಾಲೋಸ್ ತಡವರಿಸಿದ. "ಗೊತ್ತಾಗಿದ್ದಿದ್ರೆ?"

ಅಮ್ಮಿಯಾ ಅವನನ್ನೇ ನೋಡಿದಳು. ಅರ್ಧ ಬೆಳೆದ ಗಡ್ಡ, ಮೋಟು ಕೂದಲು, ಬಲವಂತವಾಗಿ ಗಂಟಿಕ್ಕಿದ ಹುಬ್ಬು. ಅದರ ಕೆಳಗೆ ಎಲ್ಲೋ ಅವಳ ತಮ್ಮನ ಮುಖ ಇರಬೇಕಿತ್ತು. ಹುಡುಕಿದಳು, ಸಿಗಲಿಲ್ಲ.

"ನಂಗೆ ಭಯ ಆಗ್ತಿತ್ತು ಅಕ್ಕಾ," ಅವನು ಈಗ ಬೇರೆ ದನಿಯಲ್ಲಿ ಅಂದ. "ದಿನಾ ಬೆಳಗಾದ್ರೆ ಆ ಮನುಷ್ಯ ನನ್ನ ಮೂಗು ನೋಡ್ತಾನೆ. ಏನಾದ್ರೂ ಒಂದು ಕೊಡ್ಲೇಬೇಕಿತ್ತು ಅವನಿಗೆ. ನಾನು ಅವರ ಕಡೆಯೋನು ಅಂತ ತೋರಿಸ್ಬೇಕಿತ್ತು. ಭಾವ ಸತ್ತು ಹೋದೋರು, ಅವರಿಗೇನು ನೋವಾಗತ್ತೆ? ನೋಡು, ಕೇಳ್ಕೊಂಡು ನಾಣ್ಯ ವಾಪಸ್ಸು ತಂದಿದೀನಿ. ಕೆರೆದಿದಾರೆ ಅಷ್ಟೇ. ನಾಳೆ ಹೋಗಿ ಮತ್ತೆ ಭಾವನ ಬಾಯಲ್ಲಿಡೋಣ. ಕಲ್ಲು ಸರಿಸೋಕೆ ಅಪ್ಪಣೆ ನಾನೇ ಕೊಡಿಸ್ತೀನಿ, ಈಗ ನನ್ನ ಮಾತು ನಡೆಯತ್ತೆ."

ಅವಳು ಕೈ ಚಾಚಿದಳು. ಅವನು ಹಗುರಾದವನ ಹಾಗೆ ನಾಣ್ಯ ಕೊಟ್ಟ. ದೊಡ್ಡವನು ಇದ್ದ, ಗಡ್ಡ ಹುಬ್ಬು ಸಮೇತ. ಎದುರಿಗೆ ಉಳಿಯ ಗೀರುಗಳು. ಹೆರ್ಮಿಯಾಸ್ ಕಿಟಕಿಯ ಬೆಳಕಿನಲ್ಲಿ ತಮ್ಮನನ್ನು ಕೂರಿಸಿಕೊಂಡು, ಅಂಜೂರ ಚೀಪುತ್ತಾ, ಉಸಿರು ಬಿಗಿಹಿಡಿದು ಕೆತ್ತಿದ ಮೂಗು ಇದ್ದದ್ದು ಅಲ್ಲೇ. ಅವಳು ಹೆಬ್ಬೆರಳಿನಿಂದ ಆ ಬೋಳು ಜಾಗವನ್ನು ಸವರಿದಳು. ನುಣ್ಣಗೇನೂ ಇರಲಿಲ್ಲ, ಬೆರಳಿಗೆ ತರಚಿತು.

ಎದ್ದು ಅವನ ಹತ್ತಿರ ಬಂದಳು. ಅವನಿಗಿಂತ ಗಿಡ್ಡ ಅವಳು, ಮುಖ ಎತ್ತಿ ನೋಡಬೇಕಿತ್ತು.

"ಬಾಯಿ ತೆರಿ."

ಎಷ್ಟು ವರ್ಷದ ಅಭ್ಯಾಸ ಅದು! ಜೇನು ರೊಟ್ಟಿಯ ಪೊಟ್ಟಣ ಬಿಚ್ಚುತ್ತಾಳೆ, ಕೋಪ ಇಳಿಯಿತು ಅಂದುಕೊಂಡನೋ ಏನೋ, ಅಟ್ಟಾಲೋಸ್ ಬಾಯಿ ತೆರೆದ. ಅಮ್ಮಿಯಾ ನಾಣ್ಯವನ್ನು ಒಳಗಿಟ್ಟು, ಬೆರಳಿನಿಂದ ಬಲಗೆನ್ನೆಗೆ ಸರಿಸಿದಳು. ಗಲ್ಲವನ್ನು ಅಂಗೈಯಿಂದ ಎತ್ತಿ ಬಾಯಿ ಮುಚ್ಚಿದಳು. ಉಬ್ಬಿದ ಕೆನ್ನೆಯನ್ನು ಒಮ್ಮೆ ಸವರಿದಳು.

"ಸುಖವಾಗಿ ಹೋಗು," ಅಂದಳು.

ಆಮೇಲೆ ಮೂಲೆಯಲ್ಲಿದ್ದ ಖಾಲಿ ಗಡಿಗೆ ಎತ್ತಿಕೊಂಡು ಅವನನ್ನು ಬಳಸಿ ಹೊರಗೆ ನಡೆದಳು. ಅಫ್ಫಿಯಾ ತನ್ನ ಅಂಗಳದಲ್ಲಿ ಕೋಳಿ ಗೂಡು ಮುಚ್ಚುತ್ತಿದ್ದಳು. ಅಮ್ಮಿಯಾ ಗಡಿಗೆ ಚಾಚಿ, "ನೀರು ಕೊಡಿ ಅಜ್ಜಿ, ಬಾಗಿಲಲ್ಲಿಡೋಕೆ," ಅಂದಳು.

"ಅಯ್ಯೋ, ಯಾರು ಹೋದ್ರೇ?" ಅಂತ ಮುದುಕಿ ಎದೆ ಹಿಡಿದುಕೊಂಡಳು. ಅಮ್ಮಿಯಾ ಗಡಿಗೆಯನ್ನು ಇನ್ನಷ್ಟು ಮುಂದೆ ಹಿಡಿದಳು. ಮುದುಕಿ ಅವಳ ಹೆಗಲ ಮೇಲಿಂದ ಆಚೆ ನೋಡಿದಳು. ತೆರೆದ ಬಾಗಿಲೊಳಗೆ, ದೀಪದ ಬೆಳಕಿನಲ್ಲಿ, ಅಟ್ಟಾಲೋಸ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಮುದುಕಿ ಮತ್ತೇನೂ ಕೇಳದೆ ಕೊಡದಿಂದ ನೀರು ಬಗ್ಗಿಸಿದಳು.

ಅಮ್ಮಿಯಾ ಗಡಿಗೆಯನ್ನು ತಂದು ಹೊಸಿಲ ಹೊರಗೆ, ಬಲಕ್ಕೆ ಇಟ್ಟಳು. ಹೆರ್ಮಿಯಾಸ್ ಹೋದಾಗ ಇಟ್ಟಿದ್ದ ಜಾಗದಲ್ಲೇ. ಒಳಗೆ ಹೋಗಿ ಒಲೆಯ ಮುಂದೆ ಕೂತು ಸೌದೆ ಜೋಡಿಸತೊಡಗಿದಳು.

ಅಟ್ಟಾಲೋಸ್ ನಾಣ್ಯವನ್ನು ಅಂಗೈಗೆ ಉಗಿದುಕೊಂಡಿದ್ದ. "ಅಕ್ಕಾ," ಅಂದ. ಅವಳು ಬೆಂಕಿ ಊದುತ್ತಿದ್ದಳು. ಇನ್ನೊಂದು ಸಲ, "ಅಕ್ಕಾ," ಅಂದ. ಹೊಗೆ ಎದ್ದಿತು, ಬೆಂಕಿ ಹೊತ್ತಿಕೊಂಡಿತು, ಅವಳು ಬೇಳೆಯ ಪಾತ್ರೆ ಇಟ್ಟಳು. ಅವನು ಜೇನು ರೊಟ್ಟಿಯನ್ನು ಮಣೆಯ ಮೇಲಿಟ್ಟು, ಸ್ವಲ್ಪ ಹೊತ್ತು ನಿಂತು, ಹೊರಗೆ ಕಾಲಿಟ್ಟ.

ಸಾವಿನ ಮನೆಗಳಿಗೆ ಹೋಗಿ ಬಂದು ರೂಢಿಯಾದ ಕೈ ಅದು. ಹೊಸಿಲು ದಾಟುತ್ತಿದ್ದ ಹಾಗೇ ತನ್ನಷ್ಟಕ್ಕೆ ತಾನು ಬಲಕ್ಕೆ ಬಗ್ಗಿ ಗಡಿಗೆಯಲ್ಲಿ ಬೆರಳದ್ದಿತು, ತಲೆಗೆ ಚಿಮುಕಿಸಿಕೊಳ್ಳಲು ಮೇಲಕ್ಕೆ ಬಂತು. ಅರ್ಧದಲ್ಲಿ ನಿಂತಿತು. ಪಕ್ಕದ ಮನೆಯ ಅಂಗಳದಿಂದ ಅಫ್ಫಿಯಾ ನೋಡುತ್ತಿದ್ದಳು. ಅಟ್ಟಾಲೋಸ್ ಕೈಯನ್ನು ಮೇಲಕ್ಕೂ ಒಯ್ಯಲಿಲ್ಲ, ಕೆಳಕ್ಕೂ ಇಳಿಸಲಿಲ್ಲ. ಬೆರಳ ತುದಿಯಿಂದ ನೀರು ಇಳಿದು ಹೊಸ ಮೇಲಂಗಿಯ ತೋಳಿನೊಳಗೆ ಹೋಯಿತು.